ಡೇರಿಯಲ್ಲಿ ಗಟ್ಟಿಯಾಗಿ ಓದಿದ ನನ್ನ ಗೋಪ್ಯ ಸಂದೇಶ

ವಿದ್ಯಾರ್ಥಿ ಕ್ಷೇಮಪಾಲನೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಮಾನಸಿಕ ಸ್ವಾಸ್ಥ್ಯದ ಆ್ಯಪ್ ಬಳಸಿದ್ದಕ್ಕೆ ನನ್ನ ಕಾಲೇಜು ನಿಂತು ಇಂದಿಗೆ ಹತ್ತೊಂಬತ್ತು ದಿನ. ಈ ನಡುವೆ ತಮ್ಮ ಸುತ್ತೋಲೆ ಗೆಳತಿಯ ವಾಟ್ಸಾಪಿನಿಂದ ತಲುಪಿತು. ‘ಡಿಜಿಟಲ್ ಸೇವೆಯ ಬಗ್ಗೆ ಗ್ರಾಮೀಣ ವಿದ್ಯಾರ್ಥಿಗಳ ಮನೋಭಾವ ಸಂಕುಚಿತವಾಗಿದೆ’ ಎಂದು ವಿಷಾದಿಸಿದ್ದೀರಿ. ಅದನ್ನು ತಿದ್ದಲು ಮಂಡ್ಯದಲ್ಲಿ ವಿಚಾರಸಂಕಿರಣ ಇಟ್ಟಿದ್ದೀರಿ, ಊಟದ ವ್ಯವಸ್ಥೆಯೂ ಇದೆಯಂತೆ. ಸಂತೋಷ.

ನನ್ನ ಮನೋಭಾವ ಚೆನ್ನಾಗಿಯೇ ಇತ್ತು. ಎರಡು ತಿಂಗಳಿಂದ ಲ್ಯಾಬಿನಲ್ಲಿ ಪಿಪೆಟ್ ಹಿಡಿದರೆ ಕೈ ನಡುಗುತ್ತಿತ್ತು, ಮದ್ದೂರು ಬಸ್ಸಿನಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ‘ಸಂಪೂರ್ಣ ಗೋಪ್ಯ’ ಎಂದು ನೀವು ಬರೆದದ್ದನ್ನು ನಂಬಿ ಆ್ಯಪಿನಲ್ಲಿ ಸಮಾಲೋಚನೆ ಕೇಳುವ ಗುಂಡಿ ಒತ್ತಿದೆ. ಸಮಯ ತಿಳಿಸುವ ಸಂದೇಶ ಹೋದದ್ದು ದಾಖಲಾತಿಯಲ್ಲಿದ್ದ ನಂಬರಿಗೆ. ಪ್ರವೇಶದ ದಿನ ನಿಮ್ಮ ಗುಮಾಸ್ತರು, “ನಿನ್ನ ನಂಬರ್ ಇವತ್ತೊಂದು ನಾಳೆ ಒಂದು, ಅಪ್ಪಂದು ಬರಿಯಮ್ಮ” ಎಂದಿದ್ದರು. ಹಳ್ಳಿಯಿಂದ ಬಂದ ಹುಡುಗಿಯರೆಲ್ಲ ಹಾಗೇ ಬರೆದಿದ್ದೇವೆ.

ನನ್ನಪ್ಪ ಪುಟ್ಟರಾಜುವಿಗೆ ಓದು ಬಾರದು. ಕೊಪ್ಪದಾಚೆಯ ನಮ್ಮೂರಲ್ಲಿ ಅಂಥವರ ಮೆಸೇಜುಗಳನ್ನು ಬೆಳಿಗ್ಗೆ ಹಾಲು ಹಾಕುವಾಗ ಡೇರಿ ಕಾರ್ಯದರ್ಶಿ ಶಿವರಾಮಣ್ಣ ಓದಿ ಹೇಳುವುದು ವಾಡಿಕೆ. ಗಟ್ಟಿಯಾಗಿಯೇ ಓದುತ್ತಾರೆ, ಕ್ಯಾನುಗಳ ಸದ್ದಿನಲ್ಲಿ ಕೇಳಬೇಕಲ್ಲ. “ಅರ್ಪಿತ, ನಿಮ್ಮ ಮಾನಸಿಕ ಸಮಾಲೋಚನೆ ಗುರುವಾರ ಹನ್ನೊಂದಕ್ಕೆ” ಎಂದು ಓದಿ, “ಲೇ ಪುಟ್ಟರಾಜು, ಮಗಳ್ ತಲೆಗೇನಾಯ್ತ್ಲಾ?” ಎಂದರಂತೆ. ಸಾಲಿನಲ್ಲಿ ನಲವತ್ತು ಜನ.

ಅಪ್ಪ ಬೈಯಲಿಲ್ಲ. “ಓದಿದ್ದು ಸಾಕು ಬುಡು ಕಣವ್ವ, ಜೀವ ಗಟ್ಟಿಗಿದ್ರೆ ಡಿಗ್ರಿ ಆಮ್ಯಾಕೆ ನೋಡನ” ಎಂದು ಕಣ್ಣೊರೆಸಿಕೊಂಡ. ಮುತ್ತತ್ತಿಯ ದೇವಸ್ಥಾನಕ್ಕೆ ಕರೆದೊಯ್ದು ದಾರ ಕಟ್ಟಿಸಿದ. ಗುರುವಾರ ಸಮಾಲೋಚಕರ ಕರೆಯೂ ಅಪ್ಪನಿಗೇ ಬಂತು. ಅವರ ಮುಂದೆ ನೋಂದಣಿ ಸಂಖ್ಯೆ ಮಾತ್ರ ಇದ್ದಿರಬೇಕು, ಗೋಪ್ಯತೆಗಾಗಿ; ಮಾತಾಡುತ್ತಿರುವುದು ಯಾರೆಂದು ಕೇಳಲಿಲ್ಲವಂತೆ. ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದ್ದಕ್ಕೆ ಅಪ್ಪ, “ಎಲ್ಲಿ ಬತ್ತದೆ ಸೋಮಿ, ಮಗಳ್ದೇ ಯೋಚ್ನೆ” ಎಂದನಂತೆ. ಹತ್ತು ನಿಮಿಷ ಧೈರ್ಯ ಹೇಳಿದರಂತೆ. ಆ್ಯಪಿನಲ್ಲಿ ಈಗ ನನ್ನ ಸಮಾಲೋಚನೆ ‘ಪೂರ್ಣಗೊಂಡಿದೆ’. ನನ್ನ ಕೈ ಇನ್ನೂ ನಡುಗುತ್ತಿದೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಮೇಲಿದೆ.

ಸಂಕುಚಿತ ಮನೋಭಾವ ಯಾರದು, ನಮ್ಮದೋ, ಒಂದೇ ನಂಬರು ಹಿಡಿಸುವ ನಿಮ್ಮ ಪ್ರವೇಶದ ಅರ್ಜಿಯದೋ? ನಂಬರು ಬದಲಿಸಲು ಅವಕಾಶ ಕೊಡಿ, ಅದು ಮುಂದಿನವರಿಗೆ. ನನಗೆ ಸೋಮವಾರದಿಂದ ಪರೀಕ್ಷೆ. ಅಷ್ಟರೊಳಗೆ ಅಪ್ಪನಿಗೆ ಇನ್ನೊಂದು ಸಂದೇಶ ಕಳಿಸಿ: ‘ನಿಮ್ಮ ಮಗಳ ತಲೆ ಕೆಟ್ಟಿಲ್ಲ. ಕಷ್ಟವಾದಾಗ ಸಹಾಯ ಕೇಳಿದ್ದಾಳೆ. ಕಾಲೇಜಿಗೆ ಕಳಿಸಿ.’ ಕಚೇರಿ ವೇಳೆಯಲ್ಲಿ ಬೇಡ. ಬೆಳಿಗ್ಗೆ ಆರೂವರೆಗೆ ಕಳಿಸಿ, ಆಗ ಎಲ್ಲರೂ ಡೇರಿಯ ಸಾಲಿನಲ್ಲಿರುತ್ತಾರೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಸಮಾಧಾನಗೊಂಡಿರುವ
ಅರ್ಪಿತ, ಬಿ.ಎಸ್ಸಿ. ಎರಡನೇ ವರ್ಷ
ಮದ್ದೂರು ತಾಲ್ಲೂಕು