ಪಾರಿವಾಳದ ಕತ್ತಿನ ಬಣ್ಣ

ಮಾರ್ಚ್ 3, ಸೋಮವಾರ

ಇವತ್ತೂ ಪಾಲಿಶ್. ಬಾನೆಟ್ ಮುಗಿಯಿತು, ಎಡಬಾಗಿಲು ಅರ್ಧ. ಮಾರಾಟಕ್ಕೆ ಬಂದಿರುವ ಈ ಕಾರಿಗೆ ಶೆಡ್ಡಿನಲ್ಲಿ ಅಳಿಯನ ಉಪಚಾರ. ಇರುವ ಒಂದೇ ಫ್ಯಾನು ಅದರ ಕಡೆ ತಿರುಗಿದೆ. ನಾವು ಬೆವರಬಹುದು, ಅದರ ಮೇಲೆ ಧೂಳು ಕೂರಬಾರದು.

ಇಂಥವು ಜಗತ್ತಿನಲ್ಲೇ ನಲವತ್ತಂತೆ. ಕಂಪ್ಯೂಟರ್ ಇಲ್ಲ, ಪರದೆ ಇಲ್ಲ. ಗೇರು ಕೈಯಲ್ಲಿ, ಮೀಟರಿಗೆ ಮುಳ್ಳು. ನಮ್ಮ ಹಿರಿಯ ಮೆಕ್ಯಾನಿಕ್ ಬೋಲ್ಟಣ್ಣ ಎಂಜಿನ್ ಶುರುಮಾಡಿದಾಗೆಲ್ಲ ಕಣ್ಣು ಮುಚ್ಚುತ್ತಾನೆ. "ಹೊಸ ಕಾರುಗಳು ನಾವು ಹೇಳಿದ್ದು ಕೇಳ್ತವೆ ಕಣಮ್ಮ. ಇದು ಹೇಳಿದ್ದನ್ನ ನಾವು ಕೇಳ್ಬೇಕು."

ಇಬ್ಬರು ಕೂರಲು ಇಷ್ಟೊಂದು ಅಹಂಕಾರ ಯಾಕೆ ಬೇಕೋ. ನಾಳೆ ಯಾರಾದರೂ ಕೊಂಡು ಗೋದಾಮಿನಲ್ಲಿಟ್ಟು ಬೀಗ ಹಾಕುತ್ತಾರೆ.

ಆದರೆ ಬಣ್ಣ... ಬಣ್ಣ ಅಪ್ಪನದು. ಇಪ್ಪತ್ತು ವರ್ಷದ ಹಿಂದೆ, ಇದೇ ಶೆಡ್ಡಿನಲ್ಲಿ, ಮಾಸ್ಕ್ ಇಲ್ಲದೆ, ಏಳು ಕೋಟ್. ಯಾರ ಹತ್ತಿರವೂ ಇಲ್ಲದ ಬಣ್ಣ ಬೇಕು ಎಂದಿದ್ದನಂತೆ ಆಗಿನ ಒಡೆಯ. ಅಪ್ಪ ಕಣ್ಣಳತೆಯಲ್ಲೇ ಕಲಸಿದ್ದು. ಈ ಕಡೆ ನಿಂತರೆ ಬೂದಿ, ಆ ಕಡೆ ಹೋದರೆ ಹಸಿರು, ಬಗ್ಗಿದರೆ ನೇರಳೆ. ಪಾರಿವಾಳದ ಕತ್ತು.

ಅದೇ ಅಪ್ಪ ಈಗ ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರ ಮೇಲೆ ಕೂತುಬಿಡುತ್ತಾನೆ.

ಮಾರ್ಚ್ 5, ಬುಧವಾರ

ಜಾಹೀರಾತು ಬಂದಿದೆ. ಹನ್ನೆರಡು ಫೋಟೋ. ಕೆಳಗೆ — "ತಯಾರಿಸಿದ ಕಂಪನಿಯೇ ಬಳಿದ ವಿಶೇಷ ಬಣ್ಣ."

ನೇರವಾಗಿ ಶೆಡ್ಡಿನ ಮಾಲೀಕರ ರೂಮಿಗೆ ಹೋದೆ. "ಸಾರ್, ಇದು ಸುಳ್ಳು. ಅಪ್ಪನ ಹೆಸರು ಹಾಕಿ."

"ನಿಮ್ಮಪ್ಪನ ಹೆಸರು ಹಾಕಿದ್ರೆ ಕಾರು ಇನ್ನೂ ಜೋರಾಗಿ ಓಡುತ್ತಾ?"

"ಓಡಲ್ಲ. ಆದ್ರೆ ನಿಜ ಆಗುತ್ತೆ."

"ಕರಪತ್ರ ಓದೋದು ಕಮ್ಮಿ ಮಾಡಮ್ಮ. ಕೈ ಒಳ್ಳೇದಿದೆ ನಿಂದು, ಅದನ್ನ ಉಳಿಸ್ಕೊ."

ಕಾರ್ಮಿಕ ಸಂಘದ ಕರಪತ್ರ ಅಂದರೆ ಇವರಿಗೆ ತಮಾಷೆ. ನನ್ನ ಮಂಚದ ಕೆಳಗೆ ಎರಡು ಪೆಟ್ಟಿಗೆ ತುಂಬ ಇವೆ. ಓದಿ ಓದಿ ಮಡಿಕೆ ಹರಿದಿವೆ. ದುಡಿದವನ ಹೆಸರು ಅಳಿಸುವುದು ಅವನ ದುಡಿಮೆಯನ್ನು ಎರಡನೇ ಸಲ ಕದಿಯುವುದು — ಇದರಲ್ಲಿ ತಮಾಷೆ ಏನಿದೆ?

ಮನೆಯಲ್ಲಿ ಜಾಹೀರಾತು ಓದಿ ಹೇಳಿದೆ. ಅಪ್ಪ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹತ್ತು ನಿಮಿಷ.

"ಕಂಪನಿಯವರೇ ಬಳಿದ ಹಾಗಿದೆ ಅಂದ್ರಲ್ಲ, ಇನ್ನೇನು ಬೇಕು ನಾಯಕಿ?"

ಆಮೇಲೆ ಒಂದು ಗುಟ್ಟು ಹೇಳಿದ. ಪೆಟ್ರೋಲ್ ಮುಚ್ಚಳದ ಒಳಗೆ, ನಾಣ್ಯದಷ್ಟು ಜಾಗದಲ್ಲಿ, ಮೊದಲಿನ ಕೆಂಪನ್ನು ಹಾಗೇ ಬಿಟ್ಟಿದ್ದಾನಂತೆ.

"ಯಾಕೆ?"

"ಮೊದಲು ಬಳಿದವನೂ ಒಬ್ಬ ಇದ್ದನಲ್ಲ ಮಗಳೇ."

ಮಾರ್ಚ್ 10, ಸೋಮವಾರ, ಸಂಜೆ

ಹೇಳಿಬಿಟ್ಟೆ!

ಕೊಳ್ಳುವವರ ಕಡೆಯಿಂದ ಪರೀಕ್ಷೆಗೆ ಒಬ್ಬ ತಜ್ಞ ಬಂದಿದ್ದ. ದಪ್ಪ ಕನ್ನಡಕ, ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ. ಅಡಿಗಡಿಗೂ ಇಟ್ಟು ನೋಡಿದ. ಎಲ್ಲ ಕಡೆಯೂ ಒಂದೇ ಅಂಕಿ. "ಮೆಷಿನ್ ಕೆಲಸ ಇದು. ಮನುಷ್ಯನ ಕೈಯಲ್ಲಿ ಇಷ್ಟು ಸಮ ಬರಲ್ಲ" ಎಂದ. ಮಾಲೀಕರು ತಲೆಯಾಡಿಸಿದರು.

ತಡೆಯಲಾಗಲಿಲ್ಲ. "ಮನುಷ್ಯನ ಕೈಯೇ. ನಮ್ಮಪ್ಪನ ಕೈ" ಎಂದು ಪೆಟ್ರೋಲ್ ಮುಚ್ಚಳ ತೆಗೆದು ಕೆಂಪು ತೋರಿಸಿದೆ. ಆತ ಟಾರ್ಚ್ ಹಾಕಿ ತುಂಬಾ ಹೊತ್ತು ನೋಡಿದ. ಅಪ್ಪನ ಹೆಸರು ಕೇಳಿ ಬರೆದುಕೊಂಡ. ಬರೆದುಕೊಂಡ!

ಮಾಲೀಕರು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಬೋಲ್ಟಣ್ಣ ಕೈ ಒರೆಸುತ್ತಲೇ ಇದ್ದ.

ಅಪ್ಪನಿಗೆ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಗೋಡೆ ನೋಡುತ್ತಾ ಕೂತ. "ಕೆಂಪು ತೋರಿಸಿದ್ಯಾ..." ಅಷ್ಟೇ.

ಮಾರ್ಚ್ 17, ಸೋಮವಾರ

ಒಂದು ವಾರ ಬರೆಯಲಿಲ್ಲ.

ಇವತ್ತು ಕೊಳ್ಳುವವರಿಂದ ಉತ್ತರ ಬಂತು. ಕಾರು ಬೇಕಂತೆ. ಕಂಪನಿಯ ಬಣ್ಣವಲ್ಲದ ಮೇಲೆ ಈ ಬಣ್ಣ ಬೇಡವಂತೆ. ಪೂರ್ತಿ ಕಿತ್ತು, ಮೊದಲಿನ ಕೆಂಪು ಬಳಿದು ಕೊಡಬೇಕಂತೆ.

ಮಾಲೀಕರು ಎಲ್ಲರೆದುರು ಪತ್ರ ಓದಿದರು. ಬಯ್ಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. "ನಿಜ ಹೇಳ್ದೆ. ಆಯ್ತು. ಈಗ ನೋಡು" ಎಂದರು.

ಇಪ್ಪತ್ತು ವರ್ಷ ಬಾಳಿದ ಅಪ್ಪನ ಬಣ್ಣವನ್ನು ಆ ಸುಳ್ಳು ಕಾಪಾಡುತ್ತಿತ್ತು. ನನ್ನ ನಿಜ ಒಂದು ವಾರದಲ್ಲಿ... ಯಾವ ಕರಪತ್ರದಲ್ಲೂ ಇದು ಇರಲಿಲ್ಲ.

ಆಸಿಡ್ ಪೇಸ್ಟ್ ಹಚ್ಚಿ ಕೀಳೋಣ ಎಂದರು. ನಾನು ಉಜ್ಜುತ್ತೇನೆ ಎಂದೆ. ಉಪ್ಪುಕಾಗದದಲ್ಲಿ, ಕೈಯಲ್ಲಿ. ಬೋಲ್ಟಣ್ಣ ಪಕ್ಕಕ್ಕೆ ಕರೆದ. "ಬೇರೆಯವರು ಮಾಡ್ಲಿ ಬಿಡೇ ತಾಯಿ."

"ಬೇರೆಯವರಿಗೆ ಇದು ಬರೀ ಬಣ್ಣ, ಅಣ್ಣ."

ಅಪ್ಪನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 20, ಗುರುವಾರ

ಮೂರನೇ ದಿನ. ಬಾನೆಟ್ ಹೋಯಿತು. ಛಾವಣಿ ಹೋಯಿತು. ನೀರಿನಲ್ಲಿ ಬೂದಿ, ಹಸಿರು, ನೇರಳೆ ಎಲ್ಲ ಕೂಡಿ ಕೆಸರಾಗಿ ಮೋರಿಗೆ.

ದಿನಾ ಶೆಡ್ಡಿನಲ್ಲೇ ಸೋಪು ಹಾಕಿ ತೊಳೆದುಕೊಂಡು, ಬಟ್ಟೆ ಬದಲಿಸಿಯೇ ಮನೆಗೆ. ಇವತ್ತು ಅಪ್ಪನಿಗೆ ಮಾತ್ರೆ ಕೊಡಲು ಬಗ್ಗಿದೆ. ನನ್ನ ಕಿವಿಯ ಹಿಂದೆ ಬೆರಳಿಟ್ಟು ಒರೆಸಿದ. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ.

"ಎಷ್ಟನೇ ಕೋಟ್‌ನಲ್ಲಿದೀಯ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬೇಕಾದಾಗಲೂ ಬಾರದು ನನಗೆ. "ಬಾಗಿಲುಗಳು ಉಳಿದಿವೆ ಅಪ್ಪ. ನನ್ನಿಂದಲೇ ಆಗಿದ್ದು."

ಮಂಚದ ಪಕ್ಕದ ಆಕ್ಸಿಜನ್ ಸಿಲಿಂಡರಿನ ಸದ್ದು ಮಾತ್ರ.

"ಮಾಸ್ಕ್ ಹಾಕ್ಕೊಂಡು ಉಜ್ಜುತಿದೀಯಾ?"

"ಹೂಂ."

"ಎರಡು ಹಾಕ್ಕೋ." ಮತ್ತೆ ಉಸಿರು ಕೂಡಿಸಿಕೊಂಡು, "ಎಡಬಾಗಿಲಿನ ಒಳಅಂಚು. ನಾಲ್ಕನೇ ಕೋಟ್ ಹೊಡೆಯುವಾಗ ಒಂದು ಸೊಳ್ಳೆ ಬಂದು ಕೂತಿತ್ತು. ಕಿತ್ತರೆ ಕಲೆ ಉಳಿಯುತ್ತೆ ಅಂತ ಮೇಲೇ ಮೂರು ಕೋಟ್ ಹೊಡೆದುಬಿಟ್ಟೆ. ಆ ಕನ್ನಡಕದವನಿಗೆ ಸಿಕ್ತಾ?"

"ಇಲ್ಲ."

"ಮತ್ತೆ!" ಎಂದು ಗೆದ್ದವನ ಹಾಗೆ ನಕ್ಕ. ಕೆಮ್ಮಲಿಲ್ಲ. "ಇನ್ನೂ ಅಲ್ಲೇ ಇದೆಯಾ ನೋಡಿ ಬಂದು ಹೇಳು."

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ 12.40

ಊಟದ ಬಿಡುವು. ಶೆಡ್ಡಿನ ಹಿಂದೆ ಕೂತು ಬರೆಯುತ್ತಿದ್ದೇನೆ, ಕೈ ಒದ್ದೆ.

ಸಿಕ್ಕಿತು! ಎಡಬಾಗಿಲಿನ ಒಳಅಂಚು, ಕೀಲಿನಿಂದ ನಾಲ್ಕು ಬೆರಳು ಕೆಳಗೆ. ಆರು ಕಾಲೂ ಇವೆ. ಒಂದು ರೆಕ್ಕೆ ಬಿಚ್ಚಿದೆ, ಹಾರುವುದಕ್ಕೆ ಹೊರಟ ಹಾಗೆ.

ಸುತ್ತ ನಾಣ್ಯದಷ್ಟು ಜಾಗಕ್ಕೆ ಟೇಪ್ ಅಂಟಿಸಿದೆ. ಅಷ್ಟು ಉಜ್ಜುವುದಿಲ್ಲ. ಮೇಲೆ ರಬ್ಬರ್ ಪಟ್ಟಿ ಬರುತ್ತದೆ, ಯಾರಿಗೂ ಕಾಣದು. ಈ ಸಲ ಯಾರಿಗೂ ತೋರಿಸುವುದೂ ಇಲ್ಲ.

ಸಂಜೆಯವರೆಗೆ ಕಾಯಲಾರೆ. ಈಗಲೇ ಸೈಕಲ್ ತೆಗೆದುಕೊಂಡು ಮನೆಗೆ ಹೋಗಿ ಹೇಳಿ ಬರುತ್ತೇನೆ. ರೆಕ್ಕೆಯ ವಿಷಯ ಹೇಳಬೇಕು, ಅಪ್ಪನಿಗೂ ಅದು ಗೊತ್ತಿರಲಾರದು.

ಬೋಲ್ಟಣ್ಣ ಈ ಕಡೆಯೇ ಬರುತ್ತಿದ್ದಾನೆ. ಕೈಯಲ್ಲಿ ಆಫೀಸಿನ ಫೋನು, ಅಪ್ಪನಿಗೇನಾದರೂ ಆದರೆ ಎಂದು ಪಕ್ಕದ ಮನೆಯವರಿಗೆ ನಂಬರ್ ಕೊಟ್ಟಿದ್ದು. ಎಂದೂ ಇಷ್ಟು ನಿಧಾನ ನಡೆಯುವವನಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿ —