ಸೋಮವಾರದ ದನಿ

ಹೊಸದುರ್ಗ
೧೨-೨-೨೦೨೫, ಬುಧವಾರ

ಪ್ರೀತಿಯ ಮಾವನವರಿಗೆ, ನಿಮ್ಮ ಸೊಸೆ ಭಾಗ್ಯ ಮಾಡುವ ಶರಣು ಶರಣಾರ್ಥಿಗಳು.

ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಯಮುನಕ್ಕ ದಿನವೂ ಎಣ್ಣೆ ತಿಕ್ಕಿಕೊಡುತ್ತಿದ್ದಾರೆ ತಾನೆ? ಮೊಮ್ಮಕ್ಕಳನ್ನು ನೆಪ ಮಾಡಿಕೊಂಡು ಸಂಜೆ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದೀರಿ ಎಂಬ ಸುದ್ದಿ ಅತ್ತೆಯ ಕಿವಿಗೂ ಬಿದ್ದಿದೆ, ಹುಷಾರು. ಮಗಳ ಮನೆಗೆ ಹೋದಾಗಿನಿಂದ ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲವಲ್ಲ.

ನೀವು ಕೋಪಿಸಿಕೊಂಡು ಹೋದದ್ದು ನನ್ನಿಂದಲೇ, ಒಪ್ಪಿದೆ. ಯಾವ ತೋಟದಲ್ಲಿ ತೆಂಗಿನಕಾಯಿ ಕೀಳಬೇಕು, ಲಾರಿ ಎಲ್ಲಿಗೆ ಹೋಗಬೇಕು ಎಂದು ದಿನಾ ಬೆಳಗ್ಗೆ ನೀವು ಒಬ್ಬೊಬ್ಬರಿಗೂ ಫೋನಿನಲ್ಲಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದಿರಿ. ಒಮ್ಮೆ ಹೇಳಿ ರೆಕಾರ್ಡ್ ಮಾಡಿದರೆ ಎಲ್ಲ ಕಡೆಗೂ ನಿಮ್ಮ ದನಿ ಮುಟ್ಟಲಿ, ಅವರ ಮಾತೂ ದನಿಯಲ್ಲೇ ಬಂದು ಒಂದೇ ಕಡೆ ಬೀಳಲಿ ಎಂದು ನಾನು ಹೊರಟೆ. ನೀವು ಎಲ್ಲ ಕಡೆ ತಂತಿ ಫೋನೇ ಇರಲಿ ಎಂದಿರಿ. ನಿಮ್ಮ ಮಗ ಎಲ್ಲವೂ ಇಂಟರ್ನೆಟ್ಟೇ ಆಗಲಿ ಎಂದರು. ಹೊಳಲ್ಕೆರೆಯ ತೋಟಗಳ ಕಡೆ ತಂತಿಯೂ ಇಲ್ಲ, ಕೇಬಲ್ಲೂ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಇಲ್ಲಿನ ನಮ್ಮ ಕಾಯಿ ಅಂಗಡಿಗೆ ತಂತಿ, ಹಿರಿಯೂರಿನ ಗೋದಾಮಿಗೆ ಇಂಟರ್ನೆಟ್ ಕೇಬಲ್, ಹೊಳಲ್ಕೆರೆಗೆ ಸಿಮ್, ಮೂರನ್ನೂ ಚಿತ್ರದುರ್ಗದಿಂದ ತಂದ, ಕರೆಗಳನ್ನು ಕೂಡಿಸುವ ಒಂದೇ ಪೆಟ್ಟಿಗೆಗೆ ಜೋಡಿಸಿಬಿಟ್ಟೆ. ಮೂರು ಥರದ್ದು ಒಂದರಲ್ಲಿ ಹೊಂದುವುದಿಲ್ಲ ಎಂದು ತಂದೆ ಮಗ ಒಟ್ಟಿಗೇ ಅಂದಿರಿ. ನಿಮ್ಮಿಬ್ಬರಿಗೂ ಒಂದು ಮಾತಿನಲ್ಲಿ ಹೊಂದಿದ್ದು ಅದೇ ಮೊದಲು.

ಎಡವಟ್ಟಾದದ್ದು ಹೋದ ವಾರದ ಸೋಮವಾರದಿಂದ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಆಳುಗಳನ್ನು ಮರ ಹತ್ತಿಸುವುದಿಲ್ಲ. ಪೆಟ್ಟಿಗೆ ಕೂರಿಸಿದ್ದು ಅದೇ ದಿನವಾದ್ದರಿಂದ ನಿಮ್ಮ ಮೊದಲ ಮಾತೇ, "ಇವತ್ತು ಸೋಮವಾರ ಐತೆ, ಯಾರೂ ಮರ ಹತ್ಬ್ಯಾಡ್ರಿ" ಎಂದಾಯಿತು. ಹೊಸ ಮಾತು ಬಂದಾಗ ಸಿಮ್ಮಿನ ಸಾಲಿನಲ್ಲಿ ಹಳೆಯದು ಅಳಿಸಿಹೋಗುವಂತೆ ಮಾಡಲು ನಾನು ಮರೆತೆ. ಮಂಗಳವಾರ, ಬುಧವಾರವೂ ಹೊಳಲ್ಕೆರೆಗೆ ಅದೇ ಹೋಯಿತು. ಕಾಯಿ ಕೀಳುವ ಗೊಲ್ಲಪ್ಪ ತನ್ನ ತಂಡವನ್ನು ಕಟ್ಟಿಕೊಂಡು ಮನೆಯಲ್ಲೇ ಕೂತ. ಕ್ಯಾಲೆಂಡರ್ ನೋಡಬಾರದಿತ್ತೇ ಎಂದು ಕೇಳಿದರೆ, "ಯಜಮಾನ್ರೇ ಸೋಮವಾರ ಅಂದ್ಮ್ಯಾಲೆ ಸೋಮವಾರನೇ ಕಣ್ರಮ್ಮ" ಎಂದ. ನನಗೆ ನಗು ತಡೆಯಲಾಗಲಿಲ್ಲ. ನೀವು ಮಾತ್ರ, "ನನ್ ಬಾಯಾಗೆ ಸುಳ್ಳು ಹೇಳ್ಸಿದೆ. ಆ ಪೆಟ್ಟಿಗೆ ಕಿತ್ತಾಕೋ ತಂಕ ಮನೆ ಮೆಟ್ಲು ಹತ್ತಲ್ಲ" ಎಂದು ಬಸ್ಸು ಹತ್ತಿದಿರಿ.

ಮಾವ, ಪೆಟ್ಟಿಗೆ ಕೀಳುವುದಿಲ್ಲ. ತಪ್ಪು ನನ್ನದು, ಸರಿ ಮಾಡಿದ್ದೇನೆ. ನಿನ್ನೆ ಐಮಂಗಲದ ಹತ್ತಿರ ಜೆಸಿಬಿ ಕೇಬಲ್ ಕಿತ್ತುಹಾಕಿ ಗೋದಾಮಿನ ಇಂಟರ್ನೆಟ್ ನಿಂತುಹೋಯಿತು. ಆದರೂ ಅಲ್ಲಿಯವರು ಮೊಬೈಲಿನಲ್ಲಿ ಹೇಳಿದ ಮಾತು ಪೆಟ್ಟಿಗೆಯ ಸಿಮ್ಮಿನ ದಾರಿ ಹಿಡಿದು ಅಂಗಡಿಗೆ ಬಂದು ಬಿದ್ದಿತ್ತು. ನಿಮ್ಮ ಮಗನ ಮಾತು ಕೇಳಿದ್ದರೆ ಲಾರಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹೆದ್ದಾರಿಯಲ್ಲೇ ನಿಂತಿರುತ್ತಿತ್ತು. ನಿಮ್ಮ ಮಾತು ಕೇಳಿದ್ದರೆ ಇನ್ನೂ ಹೊಳಲ್ಕೆರೆಗೆ ತಂತಿ ಎಳೆಸುತ್ತಾ ಕೂತಿರುತ್ತಿದ್ದೆವು. ನೀವು ಬರಬೇಕು ಎಂದು ನನಗೆ ಬಹಳ ಆಸೆ. ನಿಮ್ಮ ಕೆಮ್ಮು ಕೇಳದೆ ಅಂಗಡಿ ಬಾಗಿಲು ತೆಗೆದ ಹಾಗೇ ಆಗುವುದಿಲ್ಲ. ಆದರೆ ಅದಕ್ಕಾಗಿ ಸರಿಯಾದದ್ದನ್ನು ಕಿತ್ತುಹಾಕುವವಳು ನಾನಲ್ಲ. ನನ್ನನ್ನು ಅಂಗಡಿಯಲ್ಲಿ ಕೂರಿಸಿದವರೂ ನೀವೇ.

ಅತ್ತೆ ಶೇಂಗಾ ಚಟ್ನಿಪುಡಿ ಕಳಿಸಿದ್ದಾರೆ. ನಿಮ್ಮ ಮೇಲೆ ಸಿಟ್ಟಿದ್ದರೂ ಬೆಳ್ಳುಳ್ಳಿ ಕಡಿಮೆ ಮಾಡಿಲ್ಲ. ಯಮುನಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿಮ್ಮಿಂದಲೇ ಹಟ ಕಲಿತ ಸೊಸೆ,
ಭಾಗ್ಯ

ತಾ.ಕ.: ಹೆಂಗಸಿನ ದನಿಗೆ ಯಾರು ಮರ ಹತ್ತುತ್ತಾರೆ ಎಂದಿದ್ದಿರಲ್ಲ, ನೀವು ಹೋದ ಮೇಲೆ ನಾನೇ ಹೇಳುತ್ತಿದ್ದೇನೆ, ಗೊಲ್ಲಪ್ಪ ಹತ್ತುತ್ತಿದ್ದಾನೆ. ಮೊನ್ನೆ ಸೋಮವಾರ ಮಾತ್ರ ನಾನು ಬಾಯಿ ಬಿಡಲಿಲ್ಲ. ಆ ಮಾತು ನಿಮ್ಮದು. ಯಮುನಕ್ಕನ ಮನೆಯ ಫೋನನ್ನೂ ಪೆಟ್ಟಿಗೆಗೆ ಸೇರಿಸಿದ್ದೇನೆ. ಬರುವ ಸೋಮವಾರ ಬೆಳಗ್ಗೆ ಅದು ರಿಂಗಾಗುತ್ತದೆ, ಎತ್ತಿ ನೀವೇ ಹೇಳಿ. ಎತ್ತದಿದ್ದರೆ ನಾನು "ಮರ ಹತ್ರಿ" ಅನ್ನುತ್ತೇನೆ.