ಮೆತ್ತಗಿರೋದು

ನವೆಂಬರ್ 12, ಮಂಗಳವಾರ

ಕ್ಯಾನ್ಸರ್ ಅಂತ ಅಪ್ಪನ ಅನ್ನನಾಳ ತೆಗೆದರು. ಹೊಟ್ಟೆಯನ್ನೇ ಎದೆಗೆ ಎಳೆದು ಕೊಳವೆ ಮಾಡಿ ಹೊಲಿದರು. ಇನ್ನು ಹೇಗೆ ಉಣ್ಣಬೇಕೆಂದು ಹೇಳಿಕೊಡದೆ ಮನೆಗೆ ಕಳಿಸಿದರು. ಇದು ಅನ್ಯಾಯ. ಡಿಸ್ಚಾರ್ಜ್ ದಿನ ಡಾಕ್ಟರ್ ಬಾಗಿಲಲ್ಲೇ ನಿಂತು ಅಂದದ್ದು ಒಂದೇ ಮಾತು: "ಮೆತ್ತಗಿರೋದು ಕೊಡಿ."

ಇವತ್ತು ಗಂಜಿ. ಶಕ್ತಿ ಬರಲೆಂದು ಅವ್ವ ಬೆಲ್ಲ ಹಾಕಿದಳು. ಉಂಡ ಸ್ವಲ್ಪ ಹೊತ್ತಿಗೇ ಅಪ್ಪನಿಗೆ ಬೆವರು, ಎದೆ ಡವಡವ, ಬಚ್ಚಲಿಗೆ ಓಟ. ಯಾಕೆ? ಯಾರನ್ನು ಕೇಳುವುದು?

ನವೆಂಬರ್ 13, ಸಂಜೆ

ಅವ್ವ ಮುದ್ದೆ ಮಾಡಿದಳು. ಮೆತ್ತಗಿರೋದು ಅಂದರೆ ನಮ್ಮೂರು ಬಂಡಳ್ಳಿಯಲ್ಲಿ ಇನ್ನೇನು?

"ಅಗಿದು ತಿನ್ನಪ್ಪ" ಅಂದೆ, ನಮ್ಮ ಸಂಘಟನೆಯ ಕರಪತ್ರಗಳನ್ನು ಮಡಿಚುತ್ತಾ.

"ಮುದ್ದೆ ಅಗಿಯಾದಾ! ನಿನ್ ಕರಪತ್ರದಲ್ಲಿ ಬರ್ದವ್ರಾ ಅದ್ನ?"

ನಕ್ಕ. ಆಪರೇಷನ್ ಆದ ಮೇಲೆ ಮೊದಲ ನಗು... ಸಾರು ಬಡಿಸಿದೆ.

ಸಾರಲ್ಲಿ ಅದ್ದಿ ನುಂಗಿದ, ಹುಟ್ಟಿದಾಗಿನಿಂದ ನುಂಗಿದ ಹಾಗೆ. ಮೊದಲ ತುತ್ತು ಇಳಿಯಿತು. ಎರಡನೆಯದು ಎದೆಯಲ್ಲಿ ನಿಂತಿತು. ನೀರು ಕೊಟ್ಟೆವು, ವಾಪಸ್ ಬಂತು. ಎಂಜಲೂ ಇಳಿಯುತ್ತಿಲ್ಲ. ಆಟೋ ಬಂತು —

ನವೆಂಬರ್ 21

ಬರೆಯಲು ಇವತ್ತೇ ಬಿಡುವು. ಅವತ್ತು ರಾತ್ರಿ ಕೊಳ್ಳೇಗಾಲದಲ್ಲಿ ಆಗಲ್ಲ ಅಂದರು. ಮೈಸೂರಿಗೆ, ಅದೇ ಡಾಕ್ಟರ್. ಬಾಯಿಂದ ಟ್ಯೂಬ್ ಬಿಟ್ಟು ತುತ್ತು ತೆಗೆದರು. ಹೊಲಿದ ಜಾಗ ಕಿರಿದಾಗಿದೆಯಂತೆ. ಹಿಗ್ಗಿಸಬೇಕು. ಮತ್ತೆ ಕಿರಿದಾಗಬಹುದು, ಮತ್ತೆ ಹಿಗ್ಗಿಸಬೇಕು.

"ಮುದ್ದೆ ಯಾಕಮ್ಮ ಕೊಟ್ಟೆ?" ಡಾಕ್ಟರ್ ರೇಗಿದರು.

"ನೀವೇ ಮೆತ್ಗಿರದು ಅಂದ್ರಲ್ಲ ಸಾ" ಅಂದಳು ಅವ್ವ.

ಅವರು ಫೋನ್ ನೋಡಿಕೊಂಡರು. ನಾನು ಕೂಗಾಡಿದೆ. ರೋಗಿಯ ಹಕ್ಕು, ಜನರ ಭಾಷೆ, ಓದಿದ್ದೆಲ್ಲ. ಸೆಕ್ಯೂರಿಟಿಯವನು ಹೊರಗೆ ಕಳಿಸಿದ. ಗೇಟಿನ ಹೊರಗೂ ಕೂಗಿದೆ. ಅದರಿಂದ ಅಪ್ಪನಿಗೆ ಒಂದು ಗುಟುಕೂ ಇಳಿಯಲಿಲ್ಲ.

ನವೆಂಬರ್ 24, ಭಾನುವಾರ

ಅಪ್ಪ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಚಪ್ಪಟೆ ಮಲಗಿದರೆ ಹುಳಿ ಗಂಟಲಿಗೆ ಬರುತ್ತೆ. ಅರ್ಧ ಲೋಟ ಗಂಜಿಗೇ ಸಾಕು ಅನ್ನುತ್ತಾನೆ. ತೋಳು ನನ್ನದಕ್ಕಿಂತ ಸಣ್ಣಗಾಗಿದೆ. ಅವ್ವ ಮುದ್ದೆ ಕೋಲನ್ನು ಸೂರಿಗೆ ಸಿಕ್ಕಿಸಿಬಿಟ್ಟಿದ್ದಾಳೆ.

"ನೀವಾರ ಮಾಡ್ಕಂಡ್ ಉಣ್ಣಿ. ನಾನ್ ವಾಸ್ನೆನಾರ ಕುಡಿತೀನಿ" ಅಂದ. ಅವ್ವ ಎದ್ದು ಹಿತ್ತಿಲಿಗೆ ಹೋದಳು.

ಮಂಗಳವಾರ ಹಿಗ್ಗಿಸುತ್ತಾರೆ. ಅಂದು ಆಸ್ಪತ್ರೆ ಗೇಟಿನಲ್ಲಿ ಹಂಚಲು ಒಂದು ಕರಪತ್ರ ಬರೆದೆ. ಓದಿ ಹೇಳಿದೆ. ಅಪ್ಪ ಕಣ್ಣು ಬಿಡಲಿಲ್ಲ.

"ಬಯ್ಯದ ಆಮೇಲ್ ಬಯ್ಯಿವಂತೆ ಕಣವ್ವ. ಮೊದ್ಲು, ನಾನ್ ಏನ್ ಉಣ್ಬೋದು ಅಂತ ಕೇಳು."

ಆಸ್ಪತ್ರೆಗೆ ಫೋನ್ ಮಾಡಿದೆ. ಊಟದ ವಿಷಯ ಹೇಳುವ ಮೇಡಂ ಒಬ್ಬರಿದ್ದಾರಂತೆ. ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅವ್ವ ಕೋಲು ಇಳಿಸಿದಳು. ಡಬ್ಬಿಯಲ್ಲಿ ಒಂದು ಮುದ್ದೆ ತರುತ್ತಾಳಂತೆ, ತೋರಿಸಿ ಕೇಳಲು. ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಆ ಮೇಡಂ ಸಿಗುತ್ತಾರೆ —